ಡಬ್ಲಿನ್‌ಗೆ ವಿಶೇಷ ಅನುದಾನ ಇರಬೇಕೇ? ಗೇಲಿಕ್ ಆಟಗಳ ಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲಿಗೆ, ಈ ಜಗಳ ಯಾರ ನಡುವಿನದು?

ರಾಜಧಾನಿ ಡಬ್ಲಿನ್ ಮತ್ತು ಉಳಿದ ಕೌಂಟಿಗಳ (ಜಿಲ್ಲೆಯಂಥ ಪ್ರದೇಶಗಳ) ನಡುವಿನದು: ಆಟ ಬೆಳೆಸಲು ಡಬ್ಲಿನ್‌ಗೆ ಉಳಿದವರಿಗಿಂತ ಬಹಳ ಹೆಚ್ಚು ಹಣ ಕೊಟ್ಟದ್ದು ಸರಿಯೇ ಎಂಬುದು ತಕರಾರು. ಐರ್ಲೆಂಡಿನ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಜಿಎಎ, 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಹುಟ್ಟಿತು. ಗೇಲಿಕ್ ಫುಟ್‌ಬಾಲ್ ಮತ್ತು ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಅದರ ಎರಡು ದೊಡ್ಡ ಆಟಗಳು. ತಂಡಕ್ಕೆ 15 ಜನ. ಗೋಲಿಗೆ 3 ಅಂಕ, ಅಡ್ಡಪಟ್ಟಿಯ ಮೇಲೆ ಹೋದರೆ 1 ಅಂಕ. 2025ರಿಂದ ಫುಟ್‌ಬಾಲ್‌ನಲ್ಲಿ 40 ಮೀಟರ್ ಕಮಾನಿನ ಹೊರಗಿನಿಂದ ಹೊಡೆದರೆ 2 ಅಂಕ. ಸ್ಕೋರನ್ನು 1-12 ಎಂದು ಬರೆದರೆ ಒಂದು ಗೋಲು, ಹನ್ನೆರಡು ಪಾಯಿಂಟು, ಒಟ್ಟು 15 ಎಂದು ಓದಬೇಕು.

ಆಟಗಾರ ತನ್ನ ಊರಿನ ಕ್ಲಬ್‌ಗೆ ಆಡುತ್ತಾನೆ. ಅಲ್ಲಿ ಮಿಂಚಿದರೆ ಕೌಂಟಿಗೆ ಆಡುತ್ತಾನೆ. ಕೌಂಟಿ ಆಟಗಾರನಿಗೂ ಸಂಬಳವಿಲ್ಲ, ಅವನನ್ನು ಕೊಳ್ಳುವ ಮಾರುವ ಪದ್ಧತಿಯಿಲ್ಲ. ಹಣದ ಜಗಳ ಇಷ್ಟು ಕಾವೇರಲು ಇದೇ ಕಾರಣ. 35 ಸಾವಿರ ಜನರಿರುವ ಲೀಟ್ರಿಮ್ ಕೌಂಟಿ ಹೊರಗಿನಿಂದ ಆಟಗಾರರನ್ನು ತಂದು ತಂಡ ಕಟ್ಟುವಂತಿಲ್ಲ. ಸುಮಾರು 14.6 ಲಕ್ಷ ಜನರಿರುವ ಡಬ್ಲಿನ್ ಎದುರು ಅದು ತನ್ನ ಮಕ್ಕಳನ್ನೇ ಇಳಿಸಬೇಕು.

"ವಿಶೇಷ ಅನುದಾನ" ಎಂದರೆ ಯಾವ ಹಣ?

ಚರ್ಚೆ ಹಾದಿ ತಪ್ಪುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಒಂದು ಕೌಂಟಿಯ ಪುಸ್ತಕಕ್ಕೆ ಹಣ ಬರುವ ದಾರಿಗಳು ಹಲವು, ಅವುಗಳನ್ನು ಒಂದೇ ಬುಟ್ಟಿಗೆ ಹಾಕಬಾರದು.

ಒಂದನೆಯದು ಆಟದ ಬೆಳವಣಿಗೆಯ ಹಣ. ಶಾಲೆ ಮತ್ತು ಕ್ಲಬ್‌ಗಳಲ್ಲಿ ಮಕ್ಕಳಿಗೆ ಕಲಿಸುವ ಪೂರ್ಣಾವಧಿ ಕೋಚ್‌ಗಳ ಸಂಬಳ, ಶಿಬಿರ, ಕೋಚ್‌ಗಳ ತರಬೇತಿ ಎಲ್ಲ ಇದರಲ್ಲಿ ಬರುತ್ತವೆ. ಎರಡನೆಯದು ತಂಡದ ತಯಾರಿ ವೆಚ್ಚ: ಹಿರಿಯರ ತಂಡದ ಊಟ, ಪ್ರಯಾಣ, ಫಿಸಿಯೋ, ಜಿಮ್, ವಿಡಿಯೋ ವಿಶ್ಲೇಷಣೆ. ಇದನ್ನು ಕೌಂಟಿ ಮಂಡಳಿ ತನ್ನ ಪ್ರಾಯೋಜಕರು, ಲಾಟರಿ, ಅಭಿಮಾನಿ ಸಂಘಗಳಿಂದ ಹೊಂದಿಸಿಕೊಳ್ಳುತ್ತದೆ. ಮೂರನೆಯದು ಮೈದಾನ ಮತ್ತು ಕಟ್ಟಡಕ್ಕೆ ಬರುವ ಸರ್ಕಾರಿ ಅನುದಾನ. ನಾಲ್ಕನೆಯದು ಪಂದ್ಯಗಳ ಗೇಟ್ ವಸೂಲಿಯ ಪಾಲು.

ಡಬ್ಲಿನ್ ಬಗೆಗಿನ ತಕರಾರು ಮುಖ್ಯವಾಗಿ ಮೊದಲನೆಯದರ ಮೇಲೆ. "ಡಬ್ಲಿನ್‌ಗೆ ದೊಡ್ಡ ಪ್ರಾಯೋಜಕರಿದ್ದಾರೆ" ಎನ್ನುವುದು ಎರಡನೆಯದರ ಮಾತು. ಎರಡೂ ನಿಜ. ಆದರೆ ಮೊದಲನೆಯದು ಜಿಎಎ ಕೇಂದ್ರ ಹಂಚುವ ಹಣ, ಎರಡನೆಯದು ಮಾರುಕಟ್ಟೆಯಿಂದ ಬರುವ ಹಣ. ಎರಡಕ್ಕೂ ಮದ್ದು ಬೇರೆ ಬೇರೆ.

ಡಬ್ಲಿನ್‌ಗೆ ಹೀಗೆ ಕೊಡಲು ಶುರು ಮಾಡಿದ್ದೇಕೆ?

ಆಗ ಡಬ್ಲಿನ್ ಬಲಾಢ್ಯವಾಗಿರಲಿಲ್ಲ ಎಂಬುದನ್ನು ಇಂದಿನವರು ಮರೆತಿದ್ದಾರೆ. 1995ರಲ್ಲಿ ಕೌಂಟಿಗಳ ಅತಿ ದೊಡ್ಡ ಪಟ್ಟವಾದ ಆಲ್-ಐರ್ಲೆಂಡ್ ಗೆದ್ದ ಮೇಲೆ 2011ರವರೆಗೆ ಅದಕ್ಕೆ ಫುಟ್‌ಬಾಲ್ ಪಟ್ಟದ ಸ್ಯಾಮ್ ಮಗ್ವೈರ್ ಕಪ್ ಸಿಗಲಿಲ್ಲ. 2000ದಿಂದ 2004ರ ಐದು ವರ್ಷಗಳಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಫುಟ್‌ಬಾಲ್ ಪಟ್ಟವನ್ನು ಐದು ಬೇರೆ ಕೌಂಟಿಗಳು ಗೆದ್ದವು: ಕಿಲ್ಡೇರ್, ಮೀತ್, ಡಬ್ಲಿನ್, ಲೀಶ್, ವೆಸ್ಟ್‌ಮೀತ್.

ರಾಜಧಾನಿಯ ಹೊರವಲಯಗಳಲ್ಲಿ ಹೊಸ ಬಡಾವಣೆಗಳು ಏಳುತ್ತಿದ್ದವು. ಅಲ್ಲಿನ ಮಕ್ಕಳಿಗೆ ಸಾಕರ್ ಮತ್ತು ರಗ್ಬಿ ಕೈಗೆಟಕುವಂತಿದ್ದವು, ಗೇಲಿಕ್ ಆಟ ಹಾಗಿರಲಿಲ್ಲ. ಜಿಎಎ ಮಾಜಿ ಅಧ್ಯಕ್ಷ ಪೀಟರ್ ಕ್ವಿನ್ ನೇತೃತ್ವದ ಪರಿಶೀಲನಾ ಸಮಿತಿ 2002ರಲ್ಲಿ ಕೊಟ್ಟ ವರದಿ, ಡಬ್ಲಿನ್ ಅನ್ನು ಲಿಫಿ ನದಿಯ ಉತ್ತರ ಮತ್ತು ದಕ್ಷಿಣವಾಗಿ ಎರಡು ಮಾಡಬೇಕು ಎಂದಿತು. ರಾಜಧಾನಿಯಲ್ಲಿ ಹೆಚ್ಚು ಹಣ ತೊಡಗಿಸಬೇಕೆಂಬ ಅಭಿಪ್ರಾಯವೂ ಆ ಹೊತ್ತಿಗೆ ಬಲಿತಿತ್ತು. ವಿಭಜನೆ ಆಗಲಿಲ್ಲ, ಹಣ ಬಂತು. ಡಬ್ಲಿನ್‌ನವರೇ ಆದ ಬರ್ಟಿ ಅಹರ್ನ್ ಪ್ರಧಾನಿಯಾಗಿದ್ದ 2004–05ರ ಹೊತ್ತಿಗೆ ಸರ್ಕಾರಿ ಕ್ರೀಡಾ ಸಂಸ್ಥೆಯಾದ ಐರಿಶ್ ಸ್ಪೋರ್ಟ್ಸ್ ಕೌನ್ಸಿಲ್ ಮೂಲಕ ಡಬ್ಲಿನ್‌ಗೆಂದೇ ಪ್ರತ್ಯೇಕ ಹಣ ಹರಿಯತೊಡಗಿತು.

ಅಂದು ಕೊಟ್ಟದ್ದು ಸರಿಯಾಗಿಯೇ ಇತ್ತು ಎಂಬುದು ನಮ್ಮ ಅಭಿಪ್ರಾಯ. ತಪ್ಪಾದದ್ದು ಬೇರೆ ಕಡೆ. ಇಷ್ಟು ವರ್ಷ, ಇಷ್ಟು ಗುರಿ, ಆಮೇಲೆ ಪರಿಶೀಲನೆ ಎಂಬ ಗೆರೆ ಎಳೆಯದೆ ಕೊಟ್ಟರು.

ಒಟ್ಟು ಎಷ್ಟು ಹಣ?

ಒಂದು ದಶಕಕ್ಕೂ ಹೆಚ್ಚು ಕಾಲ ವರ್ಷಕ್ಕೆ 10 ಲಕ್ಷ ಯೂರೋಗಿಂತ ಹೆಚ್ಚು. ಅದೇ ಅವಧಿಯಲ್ಲಿ ಬೇರೆ ಯಾವ ಕೌಂಟಿಗೂ ಇದೇ ಬಾಬಿನಲ್ಲಿ ಅದರ ಹತ್ತಿರಕ್ಕೆ ಬರುವ ಮೊತ್ತ ಸಿಗಲಿಲ್ಲ. 5.8 ಲಕ್ಷ ಜನರಿರುವ ಕಾರ್ಕ್ ಕೂಡ ಬಹಳ ಹಿಂದಿತ್ತು. ಜನಸಂಖ್ಯೆಯಲ್ಲಿ ಡಬ್ಲಿನ್ ಕಾರ್ಕ್‌ನ ಎರಡೂವರೆ ಪಟ್ಟು. ಅನುದಾನದ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ತಕರಾರಿನ ತಿರುಳು ಇದೇ.

ಈ ಹಣ ಆಟಗಾರರ ಜೇಬಿಗೆ ಹೋಯಿತೇ?

ಇಲ್ಲ. ಬಹುಪಾಲು ಗೇಮ್ಸ್ ಪ್ರಮೋಷನ್ ಆಫೀಸರ್, ಚಿಕ್ಕದಾಗಿ ಜಿಪಿಒ, ಎಂಬ ಪೂರ್ಣಾವಧಿ ಕೋಚ್‌ಗಳಿಗೆ ಹೋಯಿತು. ಜಿಪಿಒ ಬೆಳಗಿನ ಹೊತ್ತು ಸುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಆಟ ಕಲಿಸುತ್ತಾರೆ. ಸಂಜೆ ಕ್ಲಬ್‌ನಲ್ಲಿ ಮಕ್ಕಳ ಜೊತೆಗೂ, ಮಕ್ಕಳಿಗೆ ಕಲಿಸುವ ಅಪ್ಪ ಅಮ್ಮಂದಿರ ಜೊತೆಗೂ ಇರುತ್ತಾರೆ. ಈ ಎರಡನೆಯ ಕೆಲಸವೇ ಹೆಚ್ಚು ಬೆಲೆಬಾಳುವುದು. ಒಬ್ಬ ಜಿಪಿಒ ನೇರವಾಗಿ ಕಲಿಸಬಲ್ಲ ಮಕ್ಕಳ ಸಂಖ್ಯೆಗೆ ಮಿತಿಯಿದೆ. ಚೆನ್ನಾಗಿ ಕಲಿಸಲು ಬರುವ ಇಪ್ಪತ್ತು ಪೋಷಕರನ್ನು ತಯಾರು ಮಾಡಿದರೆ, ಜಿಪಿಒ ಹೋದ ಮೇಲೂ ಕೆಲಸ ನಡೆಯುತ್ತದೆ.

ಡಬ್ಲಿನ್ ಮಾದರಿಯಲ್ಲಿ ಸಂಬಳದ ಸುಮಾರು ಅರ್ಧ ಅನುದಾನದಿಂದ, ಉಳಿದರ್ಧ ಕ್ಲಬ್‌ನಿಂದ. ಈ ನಿಯಮದ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳಬೇಕು.

ಹಾಗಾದರೆ ಡಬ್ಲಿನ್ ಕಪ್ ಗೆದ್ದದ್ದು ಹಣದಿಂದಲೇ?

ಡಬ್ಲಿನ್ 2011, 2013, ಆಮೇಲೆ 2015ರಿಂದ 2020ರವರೆಗೆ ಸತತ ಆರು ಸಲ, ಮತ್ತೆ 2023ರಲ್ಲಿ ಆಲ್-ಐರ್ಲೆಂಡ್ ಗೆದ್ದಿತು. ಸತತ ಐದು ಗೆದ್ದವರೇ ಅದಕ್ಕೆ ಮೊದಲು ಇರಲಿಲ್ಲ. ಲೆನ್‌ಸ್ಟರ್‌ನಲ್ಲಿ 2005ರಿಂದ 2024ರವರೆಗಿನ 20 ವರ್ಷಗಳಲ್ಲಿ 19 ಪಟ್ಟ ಡಬ್ಲಿನ್‌ನದು. ನಡುವೆ ತಪ್ಪಿದ್ದು 2010 ಮಾತ್ರ, ಅದು ಮೀತ್ ಪಾಲಾಯಿತು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್ 2001ರಲ್ಲೇ ಡಬ್ಲಿನ್ ಹಿರಿಯರ ತಂಡಕ್ಕೆ ಬಂದವರು. ಹಣ ಹರಿಯುವ ಮೊದಲೇ ಅವರು ತಯಾರಾಗಿದ್ದರು. 2003ರಲ್ಲೇ ಡಬ್ಲಿನ್ 21 ವರ್ಷದೊಳಗಿನವರ ಆಲ್-ಐರ್ಲೆಂಡ್ ಗೆದ್ದಿತ್ತು. ಹಾಗಾಗಿ 2011ರ ತಂಡ ಅನುದಾನದ ಕೂಸು ಎನ್ನುವುದು ನಿಲ್ಲುವ ಮಾತಲ್ಲ. ಇನ್ನೊಂದು ಕಡೆ ಬ್ರಯನ್ ಫೆಂಟನ್, ಕೀರನ್ ಕಿಲ್ಕೆನ್ನಿ, ಜ್ಯಾಕ್ ಮೆಕ್‌ಕ್ಯಾಫ್ರಿ ಮೂವರೂ 1993ರಲ್ಲಿ ಹುಟ್ಟಿದವರು, 2005ರಲ್ಲಿ ಹನ್ನೆರಡರ ಹುಡುಗರು. ಸತತ ಆರು ಗೆದ್ದ ತಂಡದ ಬೆನ್ನೆಲುಬು ಈ ಪೀಳಿಗೆ. ಅವರ ಮೇಲೆ ಆ ವರ್ಷಗಳ ಕೋಚಿಂಗ್ ವ್ಯವಸ್ಥೆಯ ನೆರಳು ಬಿದ್ದಿಲ್ಲ ಎನ್ನುವುದೂ ಕಷ್ಟ.

ಆದರೂ 2011ರ ಫೈನಲ್‌ನಲ್ಲಿ ಕೆರಿಯನ್ನು ಸೋಲಿಸಿದ್ದು 1-12ಕ್ಕೆ 1-11ರಿಂದ, ಒಂದೇ ಅಂಕ. 2013ರಲ್ಲಿ ಮೇಯೊ ಎದುರು ಒಂದು ಅಂಕ. 2016ರ ಮರುಪಂದ್ಯದಲ್ಲಿ ಮತ್ತೆ ಮೇಯೊ, ಒಂದು ಅಂಕ. 2017ರಲ್ಲೂ ಮೇಯೊ, ಒಂದು ಅಂಕ. ಒಂಬತ್ತರಲ್ಲಿ ನಾಲ್ಕು ಕಪ್ ಕೂದಲೆಳೆಯಲ್ಲಿ ಬಂದವು. 1951ರ ನಂತರ ಕಪ್ ಕಾಣದ ಮೇಯೊ, 1.4 ಲಕ್ಷ ಜನರ ಕೌಂಟಿ, ಅಷ್ಟು ಹತ್ತಿರ ಬಂದಿತ್ತು.

ನಮ್ಮ ತೀರ್ಮಾನ ಹೀಗೆ: ಹಣ ಕಪ್ ಗೆದ್ದುಕೊಡಲಿಲ್ಲ, ಆದರೆ ಡಬ್ಲಿನ್‌ಗೆ ಬರಗಾಲ ಬಾರದಂತೆ ನೋಡಿಕೊಂಡಿತು. ಬೇರೆ ಕೌಂಟಿಗೆ ಒಳ್ಳೆಯ ಪೀಳಿಗೆ ಹದಿನೈದು ವರ್ಷಕ್ಕೊಮ್ಮೆ ಬರುತ್ತದೆ, ಅದು ಮುದಿಯಾದರೆ ಮತ್ತೆ ಕಾಯಬೇಕು. ಡಬ್ಲಿನ್‌ನಲ್ಲಿ ಒಬ್ಬ ಹೋದರೆ ಬೆಂಚಿನಿಂದ ಇನ್ನೊಬ್ಬ ಎದ್ದು ಬರುತ್ತಿದ್ದ. ಇದರ ಪೆಟ್ಟು ಬಿದ್ದದ್ದು ಆಲ್-ಐರ್ಲೆಂಡ್ ಫೈನಲ್‌ಗಿಂತ ಲೆನ್‌ಸ್ಟರ್‌ನ ಮೇಲೆ. 2020ರ ಲೆನ್‌ಸ್ಟರ್ ಫೈನಲ್‌ನಲ್ಲಿ ಮೀತ್ 21 ಅಂಕಗಳಿಂದ ಸೋತಿತು, 2023ರಲ್ಲಿ ಲೌತ್ ಕೂಡ 21ರಿಂದಲೇ. ಇಂಥ ಸೋಲು ಮತ್ತೆ ಮತ್ತೆ ಬಿದ್ದರೆ ಹದಿನೆಂಟರ ಹುಡುಗ ಕೌಂಟಿ ತಂಡಕ್ಕೆ ಕರೆದಾಗ "ನೋಡೋಣ" ಎನ್ನತೊಡಗುತ್ತಾನೆ. ಆ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ಕೆರಿ 39 ಸಲ ಗೆದ್ದಿದೆ. ಅದನ್ನು ಯಾರೂ ಏಕೆ ಕೇಳುವುದಿಲ್ಲ?

2025ರವರೆಗೆ ಕೆರಿಗೆ 39, ಡಬ್ಲಿನ್‌ಗೆ 31. ಕೆರಿಯ ಜನಸಂಖ್ಯೆ ಸುಮಾರು 1.56 ಲಕ್ಷ. ಅಲ್ಲಿ ಫುಟ್‌ಬಾಲ್‌ಗೆ ಎದುರಾಳಿ ಆಟವಿಲ್ಲ ಎನ್ನುವಷ್ಟು ಅದು ಮನೆಮಾತು. ಕೆರಿಯ ಬಲ ಸಂಪ್ರದಾಯದಿಂದ ಬಂದದ್ದು, ಯಾವ ಸಮಿತಿಯೂ ಹಂಚಿದ್ದಲ್ಲ. ಗೆದ್ದವರ ಮೇಲೆ ಸಿಟ್ಟಾಗುವುದು ಇಲ್ಲಿನ ವಿಷಯವಲ್ಲ. ಎಲ್ಲರಿಗೂ ಸೇರಿದ ಹಣ ಹೇಗೆ ಹಂಚಿಕೆಯಾಯಿತು ಎನ್ನುವುದಷ್ಟೇ ಪ್ರಶ್ನೆ.

ಲಿಮರಿಕ್ ಇನ್ನೊಂದು ಬಗೆ. 2018ರಲ್ಲಿ, ಆಮೇಲೆ 2020ರಿಂದ 2023ರವರೆಗೆ ಸತತ ನಾಲ್ಕು ಸಲ ಹರ್ಲಿಂಗ್ ಗೆದ್ದ ಈ ಕೌಂಟಿಯ ಬೆನ್ನಿಗೆ ಉದ್ಯಮಿ ಜೆ.ಪಿ. ಮ್ಯಾಕ್‌ಮ್ಯಾನಸ್ ನಿಂತಿದ್ದಾರೆ. ಅದು ಖಾಸಗಿ ಹಣ. ಅವರೇ 2023ರ ಕೊನೆಯಲ್ಲಿ 32 ಕೌಂಟಿಗಳಿಗೂ ತಲಾ 10 ಲಕ್ಷ ಯೂರೋ ಕೊಡುವುದಾಗಿ ಘೋಷಿಸಿದರು. ದೊಡ್ಡ ಮನಸ್ಸಿನ ಕೊಡುಗೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರ ಔದಾರ್ಯವನ್ನು ನಂಬಿ ವ್ಯವಸ್ಥೆ ಕಟ್ಟಲಾಗದು.

ಡಬ್ಲಿನ್ ಪರವಾಗಿ ಹೇಳಲು ಏನೂ ಇಲ್ಲವೇ?

ಬೇಕಾದಷ್ಟಿದೆ. 2022ರ ಜನಗಣತಿಯಂತೆ ಐರ್ಲೆಂಡ್ ಗಣರಾಜ್ಯದ ಸುಮಾರು 51.5 ಲಕ್ಷ ಜನರಲ್ಲಿ ಶೇ. 28ರಷ್ಟು ಡಬ್ಲಿನ್‌ನವರು. ನಗರದಲ್ಲಿ ಮೈದಾನಕ್ಕೆ ಜಾಗ ಸಿಗುವುದಿಲ್ಲ. ಸಿಕ್ಕರೂ ಬೆಲೆ ಮುಟ್ಟುವಂತಿಲ್ಲ. ಎಷ್ಟೋ ಕ್ಲಬ್‌ಗಳು ನಗರಸಭೆಯ ಪಾರ್ಕುಗಳಲ್ಲಿ ಸರದಿ ಕಾದು ಆಡಿಸುತ್ತವೆ. ಒಂದೇ ಕ್ಲಬ್‌ನಲ್ಲಿ ಸಾವಿರಾರು ಸದಸ್ಯರಿದ್ದರೂ ಹಿರಿಯರ ತಂಡದಲ್ಲಿ ಆಡುವವರು ಹದಿನೈದೇ ಜನ. ಹದಿನಾರರ ವಯಸ್ಸಿಗೆ ಆಟ ಬಿಡುವ ಮಕ್ಕಳು ಅಲ್ಲಿ ಬಹಳ.

ಹಿರಿಯರು ಕಪ್ ಗೆದ್ದರೆಂದು ಡಬ್ಲಿನ್ ಹೊರವಲಯದ ಟಾಲಾದಲ್ಲೋ ಬ್ಲಾಂಚರ್ಡ್‌ಸ್ಟೌನ್‌ನಲ್ಲೋ ಏಳು ವರ್ಷದ ಮಗುವಿನ ಕೋಚನ್ನು ಕಿತ್ತುಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇದನ್ನು ಡಬ್ಲಿನ್‌ನ ಕಟು ಟೀಕಾಕಾರರೂ ಒಪ್ಪಬೇಕು.

ತಲಾ ಲೆಕ್ಕ ಹಾಕುವುದು ಹೇಗೆ? ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರಲ್ಲ?

ಎರಡು ಕಡತ ಬೇಕು. ಜಿಎಎ ಕೇಂದ್ರದ ವಾರ್ಷಿಕ ಹಣಕಾಸು ವರದಿ ವರ್ಷದ ಆರಂಭದಲ್ಲಿ ಬರುತ್ತದೆ. ಕೌಂಟಿ ಮಂಡಳಿಯ ಲೆಕ್ಕಪತ್ರ ಡಿಸೆಂಬರ್ ಹೊತ್ತಿನ ವಾರ್ಷಿಕ ಸಮಾವೇಶದಲ್ಲಿ ಮಂಡನೆಯಾಗುತ್ತದೆ. ಮೊದಲನೆಯದರಲ್ಲಿ ಆಟದ ಬೆಳವಣಿಗೆಯ ಬಾಬಿನಲ್ಲಿ ಕೌಂಟಿವಾರು ಮೊತ್ತ ತೆಗೆದುಕೊಳ್ಳಿ, ನೋಂದಾಯಿತ ಆಟಗಾರರ ಸಂಖ್ಯೆಯಿಂದ ಭಾಗಿಸಿ. ಕೇಳಲು ಸುಲಭ, ತಪ್ಪುವುದು ನಾಲ್ಕು ಕಡೆ.

ಛೇದ ಯಾವುದು ಎಂಬುದು ಮೊದಲ ಗುಂಡಿ. ನೋಂದಾಯಿತ ಆಟಗಾರರಿಂದ ಭಾಗಿಸಿದರೆ ಡಬ್ಲಿನ್‌ಗೆ ತಲಾ ಮೊತ್ತ ಬಹಳ ದೊಡ್ಡದಾಗಿ ಕಾಣುತ್ತದೆ. ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ ಅಂತರ ಕುಗ್ಗುತ್ತದೆ, ಏಕೆಂದರೆ ನಗರದಲ್ಲಿ ನೂರರಲ್ಲಿ ಆಡುವವರು ಕಡಿಮೆ. ಶಾಲೆಗೆ ಹೋಗುವ ಮಕ್ಕಳಿಂದ ಭಾಗಿಸುವುದು ನಮ್ಮ ಪ್ರಕಾರ ಹೆಚ್ಚು ಸರಿ, ಏಕೆಂದರೆ ಜಿಪಿಒ ಕಲಿಸುವುದು ಅವರಿಗೆ.

ಎರಡನೆಯದು ಪ್ರಾಂತೀಯ ಮಂಡಳಿಗಳ ಹಣ. ಲೆನ್‌ಸ್ಟರ್, ಮನ್‌ಸ್ಟರ್, ಕಾನಕ್ಟ್, ಅಲ್‌ಸ್ಟರ್ ನಾಲ್ಕೂ ಕೋಚಿಂಗ್‌ಗೆ ತಾವೂ ಖರ್ಚು ಮಾಡುತ್ತವೆ. ಅದು ಕೇಂದ್ರದ ಪಟ್ಟಿಯಲ್ಲಿ ಕೌಂಟಿಯ ಹೆಸರಿನ ಮುಂದೆ ಕಾಣದೇ ಇರಬಹುದು. ಹಾಗಾಗಿ ಕೆಲವು ಕೌಂಟಿಗಳಿಗೆ ಏನೂ ಸಿಗುತ್ತಿಲ್ಲ ಎಂಬ ಭ್ರಮೆ ಹುಟ್ಟುತ್ತದೆ.

ಮೂರನೆಯದು ಉತ್ತರ ಐರ್ಲೆಂಡಿನ ಆರು ಕೌಂಟಿಗಳು. ಅಲ್ಲಿ ಸರ್ಕಾರ ಬೇರೆ, ಕ್ರೀಡಾ ಇಲಾಖೆ ಬೇರೆ, ನಾಣ್ಯ ಪೌಂಡು. ಅವನ್ನು ಡಬ್ಲಿನ್ ಜೊತೆ ನೇರ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ನಾಲ್ಕನೆಯದು ಒಂದೇ ವರ್ಷದ ಅಂಕಿ. ಒಂದು ಕೌಂಟಿಗೆ ಆ ವರ್ಷ ವಿಶೇಷ ಯೋಜನೆ ಬಂದಿದ್ದರೆ ಚಿತ್ರ ತಲೆಕೆಳಗಾಗುತ್ತದೆ. ಕನಿಷ್ಠ ಐದು ವರ್ಷದ ಸರಾಸರಿ ತೆಗೆಯಿರಿ.

ಅರ್ಧ ಅನುದಾನ, ಅರ್ಧ ಕ್ಲಬ್ ಎಂಬ ನಿಯಮದಲ್ಲಿ ತಪ್ಪೇನಿದೆ? ದುಡಿದವರಿಗೆ ಸಿಗುತ್ತದೆ ಅಷ್ಟೆ.

ಕೇಳಲು ನ್ಯಾಯವಾಗಿದೆ. ಲೆಕ್ಕ ಹಾಕಿ ನೋಡಿ. ಒಂದು ಜಿಪಿಒಗೆ ವರ್ಷಕ್ಕೆ 40,000 ಯೂರೋ ವೆಚ್ಚ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಕ್ಲಬ್ ಪಾಲು 20,000. ನಗರದ ಕ್ಲಬ್‌ನಲ್ಲಿ 1,500 ಸದಸ್ಯರಿದ್ದರೆ ತಲೆಗೆ 13 ಯೂರೋ ಚಿಲ್ಲರೆ. ಲಾಂಗ್‌ಫರ್ಡಿನ ಹಳ್ಳಿ ಕ್ಲಬ್‌ನಲ್ಲಿ 200 ಸದಸ್ಯರಿದ್ದರೆ ತಲೆಗೆ 100 ಯೂರೋ. ನಿಯಮ ಒಂದೇ, ಹೊರೆ ಏಳೂವರೆ ಪಟ್ಟು.

ಹಳ್ಳಿ ಕ್ಲಬ್ ಅರ್ಜಿಯನ್ನೇ ಹಾಕುವುದಿಲ್ಲ. ಆಮೇಲೆ "ಅವರು ಕೇಳಲೇ ಇಲ್ಲ" ಎಂಬ ಉತ್ತರ ಬರುತ್ತದೆ. ಪರಿಹಾರ ಕಷ್ಟದ್ದಲ್ಲ. ಕ್ಲಬ್ ಪಾಲನ್ನು ಸದಸ್ಯರ ಸಂಖ್ಯೆಗೆ ತಕ್ಕಂತೆ ಏರಿಳಿಸಬೇಕು: ದೊಡ್ಡ ಕ್ಲಬ್ ಅರ್ಧಕ್ಕಿಂತ ಹೆಚ್ಚು ಕೊಡಲಿ, ಚಿಕ್ಕದು ಹತ್ತರಲ್ಲೊಂದು ಪಾಲು ಕೊಡಲಿ. ಅಥವಾ ಅಕ್ಕಪಕ್ಕದ ನಾಲ್ಕೈದು ಕ್ಲಬ್‌ಗಳು ಸೇರಿ ಒಬ್ಬ ಜಿಪಿಒ ಇಟ್ಟುಕೊಳ್ಳಲಿ. ಎರಡನೆಯದರಲ್ಲಿ ಒಂದು ಎಚ್ಚರ ಬೇಕು. ಯಾವ ವಾರ ಯಾವ ಶಾಲೆ ಎಂಬ ವೇಳಾಪಟ್ಟಿ ಮೊದಲೇ ಕಾಗದದ ಮೇಲಿರದಿದ್ದರೆ, ಜೋರಾಗಿ ಮಾತಾಡುವ ಕ್ಲಬ್ ಜಿಪಿಒ ಸಮಯವನ್ನೆಲ್ಲ ನುಂಗುತ್ತದೆ.

ಹಾಗಾದರೆ ನ್ಯಾಯವಾದ ಸೂತ್ರ ಯಾವುದು?

ಕೌಂಟಿಯ ಹೆಸರಿಗೆ ಹಣ ಅಂಟಿಸಬೇಡಿ. ಪ್ರತಿ ಕೌಂಟಿಗೂ ಒಂದು ತಳಮೊತ್ತ ಕೊಡಿ, ಉಳಿದದ್ದು ಮಕ್ಕಳ ಹಿಂದೆ ಹೋಗಲಿ. ಕಲ್ಪಿತ ಲೆಕ್ಕವೊಂದು ನೋಡಿ.

ಮೂರು ಕೌಂಟಿಗಳು. ದೊಡ್ಡದರಲ್ಲಿ 30,000 ಮಕ್ಕಳು, ಮಧ್ಯಮದಲ್ಲಿ 8,000, ಚಿಕ್ಕದರಲ್ಲಿ 2,000. ಒಟ್ಟು 40,000. ಹಂಚಲು ಇರುವುದು 20 ಲಕ್ಷ ಯೂರೋ. ಮೊದಲು ತಲಾ 2 ಲಕ್ಷ ತಳಮೊತ್ತ, ಒಟ್ಟು 6 ಲಕ್ಷ. ಉಳಿದ 14 ಲಕ್ಷವನ್ನು 40,000 ಮಕ್ಕಳಿಗೆ ಹಂಚಿದರೆ ಮಗುವಿಗೆ 35 ಯೂರೋ. ದೊಡ್ಡ ಕೌಂಟಿಗೆ 10.5 ಲಕ್ಷ, ತಳಮೊತ್ತ ಸೇರಿ 12.5 ಲಕ್ಷ. ಮಧ್ಯಮಕ್ಕೆ 4.8 ಲಕ್ಷ. ಚಿಕ್ಕದಕ್ಕೆ 2.7 ಲಕ್ಷ.

ಈಗ ತಲಾ ಲೆಕ್ಕ: ದೊಡ್ಡದಕ್ಕೆ ಮಗುವಿಗೆ ಸುಮಾರು 42 ಯೂರೋ, ಮಧ್ಯಮಕ್ಕೆ 60, ಚಿಕ್ಕದಕ್ಕೆ 135. ಒಟ್ಟು ಮೊತ್ತದಲ್ಲಿ ದೊಡ್ಡದೇ ಮುಂದೆ, ತಲೆಯೆಣಿಕೆಯಲ್ಲಿ ಚಿಕ್ಕದು ಮುಂದೆ. ಇದು ಹೀಗೇ ಇರಬೇಕು. ಐದು ಮಕ್ಕಳಿಗೆ ಕಲಿಸಲು ಮೂವತ್ತು ಕಿಲೋಮೀಟರ್ ಓಡಾಡುವ ಕೋಚ್‌ಗೆ ತಲಾ ವೆಚ್ಚ ಹೆಚ್ಚೇ.

ಇದರ ಜೊತೆ ಮೂರು ಷರತ್ತು ಬೇಕು. ಮೂರು ವರ್ಷಕ್ಕೊಮ್ಮೆ ಅಂಕಿ ಹೊಸದಾಗಿ ತೆಗೆಯಬೇಕು. ಕಡಿತ ಒಂದೇ ಸಲ ಬೀಳದೆ ಹಂತಹಂತವಾಗಿ ಆಗಬೇಕು, ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುವವರು ಕೋಚ್‌ಗಳು. ಈ ಹಣದಿಂದ ಸಂಬಳ ಪಡೆಯುವವರು ಕೌಂಟಿ ಹಿರಿಯರ ತಂಡದ ಕೆಲಸಕ್ಕೆ ಹೋಗಬಾರದು. ಮೂರನೆಯದನ್ನು ಬರೆದಿಡದಿದ್ದರೆ ಚಾಂಪಿಯನ್‌ಷಿಪ್ ಹತ್ತಿರ ಬಂದಂತೆ ಶಾಲೆಯ ಕೋಚ್ ಮೆಲ್ಲಗೆ ಹಿರಿಯರ ವಿಡಿಯೋ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಜಿಎಎ ಕೂಡ ಇದೇ ದಿಕ್ಕಿಗೆ ಹೊರಳಿದೆ. ಮೊದಲು ಮೀತ್, ಕಿಲ್ಡೇರ್, ಲೌತ್, ವಿಕ್ಲೋದಂಥ ಅಕ್ಕಪಕ್ಕದ ಕೌಂಟಿಗಳಿಗೆ ಈಸ್ಟ್ ಲೆನ್‌ಸ್ಟರ್ ಯೋಜನೆ ತಂದಿತು. ಆಮೇಲೆ, ಲ್ಯಾರಿ ಮೆಕಾರ್ಥಿ ಅಧ್ಯಕ್ಷರಾಗಿದ್ದಾಗ, ಎಲ್ಲ ಕೌಂಟಿಗೂ ಅನ್ವಯಿಸುವ ಹೊಸ ಹಂಚಿಕೆ ಮಾದರಿ ಪ್ರಕಟವಾಗಿ ಡಬ್ಲಿನ್ ಪಾಲು ಇಳಿಯತೊಡಗಿತು. ತಡವಾಯಿತು, ಆದರೆ ದಾರಿ ಸರಿ.

ಡಬ್ಲಿನ್ ಅನ್ನು ಒಡೆದುಬಿಟ್ಟರೆ?

ಆಡಳಿತದಲ್ಲಿ ಅದು ಆಗಲೇ ಒಡೆದಿದೆ. 1994ರಿಂದ ಡಬ್ಲಿನ್ ನಗರ, ಫಿಂಗಲ್, ದಕ್ಷಿಣ ಡಬ್ಲಿನ್, ಡನ್ ಲೇರಿ-ರಾಥ್‌ಡೌನ್ ಎಂಬ ನಾಲ್ಕು ಸ್ಥಳೀಯ ಆಡಳಿತಗಳಿವೆ. ಆದರೆ ಕ್ರೋಕ್ ಪಾರ್ಕ್ ಮೈದಾನದಲ್ಲಿ ಹಿಲ್ 16 ಎಂಬ ಪ್ರೇಕ್ಷಕರ ಮೆಟ್ಟಿಲ ಮೇಲೆ ನಿಂತು ನೀಲಿ ಅಂಗಿ ತೊಟ್ಟು ಕೂಗುವವರಿಗೆ ಆ ಗೆರೆಗಳು ಲೆಕ್ಕಕ್ಕಿಲ್ಲ. ಕೌಂಟಿ ಎಂಬುದು ಇಲ್ಲಿ ನಕ್ಷೆಗಿಂತ ನಿಷ್ಠೆಯ ಮಾತು. ಒಡೆದರೆ ಎರಡು ಬಲಿಷ್ಠ ತಂಡಗಳು ಹುಟ್ಟಿ ಲೆನ್‌ಸ್ಟರ್ ಫೈನಲ್ ಎರಡೂ ಡಬ್ಲಿನ್‌ಗಳ ನಡುವೆಯೇ ನಡೆಯುವ ಸಂಭವವೂ ಇದೆ. ನಾವು ಒಡೆಯುವುದರ ಪರವಿಲ್ಲ.

ಕ್ರೋಕ್ ಪಾರ್ಕ್‌ನ ಲಾಭ?

82,300 ಆಸನಗಳ ರಾಷ್ಟ್ರೀಯ ಮೈದಾನ ಡಬ್ಲಿನ್‌ನಲ್ಲೇ ಇದೆ, 2011ರಿಂದ ಡಬ್ಲಿನ್ ಲೀಗ್ ಪಂದ್ಯಗಳನ್ನೂ ಅಲ್ಲಿ ಹೆಚ್ಚಾಗಿ ಆಡಿದೆ. 2006ರಲ್ಲಿ ಲಾಂಗ್‌ಫರ್ಡ್‌ಗೆ ಹೋಗಿ ಆಡಿದ ಮೇಲೆ, ಲೆನ್‌ಸ್ಟರ್ ಚಾಂಪಿಯನ್‌ಷಿಪ್ ಪಂದ್ಯಕ್ಕಾಗಿ ಡಬ್ಲಿನ್ ಕ್ರೋಕ್ ಪಾರ್ಕ್ ಬಿಟ್ಟು ಹೊರಬಂದದ್ದು 2016ರಲ್ಲಿ, ಕಿಲ್ಕೆನ್ನಿಯ ನೌಲನ್ ಪಾರ್ಕ್‌ಗೆ. 2025ರ ಏಪ್ರಿಲ್‌ನಲ್ಲಿ ಪೋರ್ಟ್‌ಲೀಶ್‌ನಲ್ಲಿ ಸೆಮಿಫೈನಲ್ ಆಡಿಸಿದಾಗ ಮೀತ್ ಡಬ್ಲಿನ್ ಅನ್ನು ಸೋಲಿಸಿತು. ಮೈದಾನ ಬದಲಿಸಲು ಒಂದು ಯೂರೋ ಕೂಡ ಬೇಕಾಗಿಲ್ಲ. ಇದು ಮೊದಲೇ ಆಗಬೇಕಿದ್ದ ಕೆಲಸ.

ಇನ್ನೊಂದು ಲಾಭದ ಬಗ್ಗೆ ಮಾತು ಕಡಿಮೆ. ಮೇಯೊ, ಡೊನೆಗಾಲ್, ಲೀಟ್ರಿಮ್ ಆಟಗಾರರಲ್ಲಿ ಎಷ್ಟೋ ಜನ ಓದಿಗೂ ಕೆಲಸಕ್ಕೂ ಡಬ್ಲಿನ್‌ನಲ್ಲೇ ಇರುತ್ತಾರೆ. ವಾರದ ನಡುವೆ ತರಬೇತಿಗೆ ಊರಿಗೆ ಹೋಗಿಬರಲು ಗಂಟೆಗಟ್ಟಲೆ ಕಾರಿನಲ್ಲಿ ಕೂರಬೇಕು, ಆ ಮೈಲಿ ಭತ್ಯೆ ಕೌಂಟಿ ಮಂಡಳಿಯ ತಲೆಯ ಮೇಲೆ. ಡಬ್ಲಿನ್ ಹುಡುಗ ಆಫೀಸಿನಿಂದ ನೇರ ಮೈದಾನಕ್ಕೆ ಬಂದು, ಹತ್ತು ಗಂಟೆಗೆ ಮನೆಯಲ್ಲಿ ಮಲಗಿರುತ್ತಾನೆ.

2021ರ ನಂತರ ಡಬ್ಲಿನ್ ಸೋಲುತ್ತಿದೆಯಲ್ಲ, ಇನ್ನೇಕೆ ಈ ಚರ್ಚೆ?

2021ರಲ್ಲಿ ಮೇಯೊ ಸೆಮಿಫೈನಲ್‌ನಲ್ಲಿ ಸೋಲಿಸಿತು. 2022ರಲ್ಲಿ ಡಬ್ಲಿನ್ ಲೀಗ್‌ನ ಎರಡನೇ ದರ್ಜೆಗೆ ಇಳಿಯಿತು. ಕಪ್ ಟಿರೋನ್, ಕೆರಿ, ಡಬ್ಲಿನ್, ಅರ್ಮಾ, ಮತ್ತೆ ಕೆರಿ ಎಂದು ತಿರುಗಿತು. 2025ರಲ್ಲಿ ಲೌತ್ 1957ರ ನಂತರ ಮೊದಲ ಬಾರಿಗೆ ಲೆನ್‌ಸ್ಟರ್ ಗೆದ್ದಾಗ ಇಡೀ ಪ್ರಾಂತ್ಯವೇ ಉಸಿರು ಬಿಟ್ಟಿತು.

ಹಣ ಕಡಿಮೆಯಾದ್ದರಿಂದ ಡಬ್ಲಿನ್ ಸೋತಿತು ಎಂದು ಹೇಳಬೇಡಿ. ಮಕ್ಕಳ ಹಂತದ ಹಣ ಹಿರಿಯರ ತಂಡದಲ್ಲಿ ಕಾಣಲು ಹತ್ತು ಹನ್ನೆರಡು ವರ್ಷ ಬೇಕು. ಇಂದಿನ ಕಡಿತದ ಫಲ ತಿಳಿಯುವುದು 2030ರ ದಶಕದಲ್ಲಿ. ಸದ್ಯ ಆದದ್ದು ಒಂದು ದೊಡ್ಡ ಪೀಳಿಗೆಯ ನಿವೃತ್ತಿ. ನಿಯಮವನ್ನು ಸರಿಮಾಡಲು ಇದೇ ಒಳ್ಳೆಯ ಸಮಯ, ಯಾರ ಮೇಲೂ ಸಿಟ್ಟಿಲ್ಲದ ಹೊತ್ತು.

ಹರ್ಲಿಂಗ್‌ನಲ್ಲೂ ಡಬ್ಲಿನ್ ಬಲಾಢ್ಯವೇ?

ಇಲ್ಲ. ಅದರ ಕೊನೆಯ ಆಲ್-ಐರ್ಲೆಂಡ್ ಹರ್ಲಿಂಗ್ ಪಟ್ಟ 1938ರದು. 2011ರಲ್ಲಿ ಲೀಗ್, 2013ರಲ್ಲಿ ಲೆನ್‌ಸ್ಟರ್ ಗೆದ್ದಿತು. 2025ರಲ್ಲಿ ಲಿಮರಿಕ್ ಅನ್ನು ಕ್ವಾರ್ಟರ್‌ಫೈನಲ್‌ನಲ್ಲಿ ಸೋಲಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಅದೇ ಕೋಚ್‌ಗಳು, ಅದೇ ಶಾಲೆಗಳು, ಅದೇ ಹಣ, ಫಲ ಮಾತ್ರ ಬೇರೆ. ಹಣವೊಂದೇ ಸಾಕು ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ನಿಯಮ ಬದಲಿಸಬೇಕೆಂದರೆ ಎಲ್ಲಿಗೆ ಹೋಗಬೇಕು?

ಹಣದ ಹಂಚಿಕೆ ಕೇಂದ್ರ ಮಂಡಳಿ ಮತ್ತು ನಿರ್ವಹಣಾ ಸಮಿತಿಯ ಕೈಯಲ್ಲಿದೆ. ನಿಯಮ ಬದಲಾವಣೆ ಕಾಂಗ್ರೆಸ್ ಎಂಬ ಜಿಎಎ ವಾರ್ಷಿಕ ಮಹಾಸಭೆಯಲ್ಲಿ. ಸಾಮಾನ್ಯ ಸದಸ್ಯ ನಡೆಯಬೇಕಾದ ದಾರಿ ಹೀಗೆ: ಕ್ಲಬ್‌ನ ವಾರ್ಷಿಕ ಸಭೆಯಲ್ಲಿ ಪ್ರಸ್ತಾವ ಪಾಸಾಗಬೇಕು, ಅದು ಕೌಂಟಿ ಸಮಾವೇಶಕ್ಕೆ ಹೋಗಬೇಕು, ಅಲ್ಲಿ ಗೆದ್ದರೆ ಫೆಬ್ರವರಿ ಹೊತ್ತಿನ ಕಾಂಗ್ರೆಸ್‌ಗೆ. ಅಲ್ಲಿ ನಿಯಮ ಬದಲಿಸಲು ಶೇ. 60 ಮತ ಬೇಕು.

ಪ್ರಸ್ತಾವಗಳು ಸಾಯುವುದು ಹೆಚ್ಚಾಗಿ ಮತದಾನದಲ್ಲಲ್ಲ, ಬರವಣಿಗೆಯಲ್ಲಿ. "ಹಣ ನ್ಯಾಯವಾಗಿ ಹಂಚಿಕೆಯಾಗಲಿ" ಎಂದಷ್ಟೇ ಬರೆದರೆ ಅದು ಆಶಯವಾಗಿ ಉಳಿಯುತ್ತದೆ. ನಿಯಮಪುಸ್ತಕದ ಯಾವ ನಿಯಮ, ಯಾವ ಸಾಲು, ಅದರ ಬದಲು ಯಾವ ಪದಗಳು, ಯಾವತ್ತಿನಿಂದ ಜಾರಿ ಎಂದು ಬರೆಯಿರಿ. ಪಕ್ಕದ ಎರಡು ಮೂರು ಕೌಂಟಿಗಳ ಕ್ಲಬ್‌ಗಳೊಂದಿಗೆ ಮೊದಲೇ ಮಾತಾಡಿ ಅದೇ ಪದಗಳ ಪ್ರಸ್ತಾವ ಅಲ್ಲಿಂದಲೂ ಬರುವಂತೆ ಮಾಡಿದರೆ ಬಲ ಹೆಚ್ಚು.

ನಾವು ಡಬ್ಲಿನ್‌ನಲ್ಲಿರುವ ಕನ್ನಡ ಕುಟುಂಬ. ಮಗುವನ್ನು ಕ್ಲಬ್‌ಗೆ ಸೇರಿಸಿದರೆ ಈ ಹಣದ ವಿಷಯ ನಮಗೆ ತಟ್ಟುತ್ತದೆಯೇ?

ತಟ್ಟುತ್ತದೆ. ನಿಮ್ಮ ಸದಸ್ಯತ್ವ ಶುಲ್ಕದ ಒಂದು ಭಾಗವೇ ಜಿಪಿಒ ಸಂಬಳದ ಕ್ಲಬ್ ಪಾಲು. ಅನುದಾನ ಇಳಿದರೆ ಆ ಪಾಲು ಏರುತ್ತದೆ, ಶುಲ್ಕವೂ ಏರಬಹುದು.

ನಾಲ್ಕೈದು ವರ್ಷದ ಮಕ್ಕಳಿಗೆ ವಾರಾಂತ್ಯದ ಬೆಳಿಗ್ಗೆ ನರ್ಸರಿ ತರಗತಿ ಇರುತ್ತದೆ. ಹನ್ನೆರಡು ವರ್ಷದವರೆಗೆ ಗೋ ಗೇಮ್ಸ್ ಎಂಬ ಪದ್ಧತಿ, ಅಂದರೆ ಚಿಕ್ಕ ತಂಡ, ಎಲ್ಲ ಮಕ್ಕಳಿಗೂ ಆಟ, ಕಪ್ ಇಲ್ಲ. ಫುಟ್‌ಬಾಲ್‌ಗೆ ಹಲ್ಲುರಕ್ಷಕ ಕಡ್ಡಾಯ, ಹರ್ಲಿಂಗ್‌ಗೆ ಮುಖಜಾಲಿ ಇರುವ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಅನ್ನು "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ಕೊಳ್ಳಬೇಡಿ, ಸಡಿಲವಾದದ್ದು ಪೆಟ್ಟು ತಡೆಯುವುದಿಲ್ಲ. ಕ್ಲಬ್‌ನ ವಾರ್ಷಿಕ ಸಭೆಗೆ ಹೋಗಿ ಲೆಕ್ಕಪತ್ರ ನೋಡಿ. ಜಿಪಿಒ ನಿಮ್ಮ ಮಗುವಿನ ಶಾಲೆಗೆ ವಾರಕ್ಕೆ ಎಷ್ಟು ಗಂಟೆ ಬರುತ್ತಾರೆ ಎಂದು ಕೇಳಿ. ಸದಸ್ಯರಾದ ನಿಮಗೆ ಆ ಪ್ರಶ್ನೆ ಕೇಳುವ ಹಕ್ಕಿದೆ, ಉತ್ತರ ಗಂಟೆಗಳ ಲೆಕ್ಕದಲ್ಲೇ ಬರಬೇಕು.